ಪುಂಡರೀಕನ ಬುಲೆಟ್ಟು, ನನ್ನ ಶಾಕಪ್ಪು

ಡೊಂಬಿವಲಿ (ಪೂರ್ವ)
೨೦ ಅಕ್ಟೋಬರ್ ೧೯೮೫, ಭಾನುವಾರ

ಪ್ರೀತಿಯ ಜಯಾ,

ಹೇಗಿದ್ದೀ? ಹೆರಿಗೆಯ ಮೇಲೆ ಹಿಡಿದ ಸೊಂಟನೋವು ಈಗ ಹೇಗುಂಟು? ಎಣ್ಣೆ ಹಚ್ಚಿಸಿಕೊಳ್ಳುತ್ತೀಯೋ, ಇಲ್ಲ ನಿನ್ನಮ್ಮ ಕರೆದಾಗಲೆಲ್ಲ ಮಗುವಿನ ನೆವ ಹೇಳಿ ತಪ್ಪಿಸಿಕೊಳ್ಳುತ್ತೀಯೋ? ಮಗುವಿನ ಶೀತ ಇಳಿಯಿತೇ? ಕೆಳಗೆ ಎರಡು ಹಲ್ಲು ಮೂಡಿವೆ ಎಂದು ಬರೆದಿದ್ದೆ. ನಾಮಕರಣದ ದಿನ ನಾನು ನೋಡಿದ ಆ ಸಣ್ಣ ಮುಖದಲ್ಲಿ ಹಲ್ಲು ಎಲ್ಲಿ ಹೇಗೆ ಕೂತಿರಬಹುದು ಎಂದು ಎಷ್ಟು ಯೋಚಿಸಿದರೂ ಕಣ್ಣಿಗೆ ಕಟ್ಟುವುದಿಲ್ಲ. ನನಗೇನು ಧಾಡಿ, ಚೆನ್ನಾಗಿಯೇ ಇದ್ದೇನೆ. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಅಂಬರನಾಥದ ಫ್ಯಾಕ್ಟರಿ ಕ್ಯಾಂಟೀನು, ರಾತ್ರಿ ಕೆಳಮನೆಯ ನಳಿನಾಕ್ಷಿಯಕ್ಕ ಕೊಟ್ಟ ಸಾರು. ಬಲಗೈಯ ಹೆಬ್ಬೆರಳಿಗೆ ಒಂದು ಪಟ್ಟಿ ಸುತ್ತಿಕೊಂಡಿದ್ದೇನೆ, ಅಕ್ಷರ ಸೊಟ್ಟಗಿರುವುದು ಅದಕ್ಕೇ. ಆ ಪಟ್ಟಿಯ ಕಥೆಯನ್ನೇ ಈಗ ಹೇಳಲಿಕ್ಕೆ ಹೊರಟಿದ್ದೇನೆ.

ಕಥೆ ಶುರುವಾದದ್ದು ನಿನ್ನ ಹೋದ ತಿಂಗಳ ಕಾಗದದಿಂದ. ಮಗುವಿಗೆ ಚುಚ್ಚುಮದ್ದು ಹಾಕಿಸಲು ಕಟಪಾಡಿಯಿಂದ ಉಡುಪಿಗೆ ಪುಂಡರೀಕ ಬಾವ ತನ್ನ ಬುಲೆಟ್ಟಿನಲ್ಲಿ ಕರೆದುಕೊಂಡು ಹೋದರು ಎಂದು ಬರೆದಿದ್ದೆ. ಸರಿ, ಮಾವನ ಮಗ, ಪಕ್ಕದ ಮನೆ, ಕರೆದುಕೊಂಡು ಹೋಗಲಿ, ನನ್ನದೇನು ಹೋಗುತ್ತದೆ? ಅಷ್ಟಕ್ಕೆ ನಿಲ್ಲಿಸಬಹುದಿತ್ತು ನೀನು. ಅದರ ಕೆಳಗೆ "ಬಾವನ ಗಾಡಿಯಲ್ಲಿ ಕೂತರೆ ಹೊಟ್ಟೆಯ ನೀರೂ ಅಲುಗುವುದಿಲ್ಲ ಮಾರಾಯ್ರೆ" ಎಂದು ಯಾಕೆ ಬರೆಯಬೇಕಿತ್ತು? ಅದು ಸಾಲದೆಂಬಂತೆ, "ಅಮ್ಮ ಹೇಳುತ್ತಾರೆ, ನಿನ್ನ ಗಂಡನ ಆ ಗಡಗಡ ಗಾಡಿಯಲ್ಲಿ ಕೂಸನ್ನು ಕೂರಿಸಿದರೆ ಅದರ ನಡು ಉಳಿಯುತ್ತದಾ, ದೀಪಾವಳಿ ಕಳೆಯಲಿ, ಚಳಿ ಕಳೆಯಲಿ, ಆಮೇಲೆ ಹೋದರಾಯಿತು" ಎಂದೂ ಬರೆದೆ. ಸೀಮಂತ ಮುಗಿಸಿ ತವರಿಗೆ ಹೋದವಳು ನೀನು. ಈಗ ಮಗುವಿಗೆ ಎಂಟು ತಿಂಗಳು. ಮೊದಲು ಮಳೆಗಾಲ ಕಳೆಯಲಿ ಎಂದಿರಿ, ಈಗ ಚಳಿಗಾಲ. ನಿಮ್ಮ ಊರಿಗೆ ಚಳಿ ಯಾವಾಗ ಬಂದದ್ದು?

ಹೌದು ಜಯಾ, ನನಗೆ ಹೊಟ್ಟೆಕಿಚ್ಚು. ಬರೆದೇ ಬಿಟ್ಟೆ, ಓದಿಕೋ. ತುಳುವಿನಲ್ಲಾದರೆ ಎದುರಿಗೆ ಕೂರಿಸಿ ನಾಲ್ಕು ಮಾತು ಬಿಗಿದು ಹಗುರಾಗುತ್ತಿದ್ದೆ. ಕನ್ನಡದಲ್ಲಿ ಬರೆಯಹೊರಟರೆ ನನ್ನ ಸಿಟ್ಟೂ ಶಾಲೆಗೆ ಹೋಗುವ ಹುಡುಗನ ಹಾಗೆ ತಲೆ ಬಾಚಿಕೊಂಡು ಬರುತ್ತದೆ. ನಮ್ಮ ಮದುವೆಯ ದಿನ ಊಟದ ಪಂಕ್ತಿಯಲ್ಲಿ ನಿನ್ನ ದೊಡ್ಡಮ್ಮ ಅವನನ್ನು ನೋಡಿ "ಕೈಯಲ್ಲಿದ್ದ ಹೆಣ್ಣನ್ನು ಬೊಂಬಾಯಿಯವನಿಗೆ ಬಿಟ್ಟುಕೊಟ್ಟೆಯಲ್ಲಾ ಪುಂಡರೀಕಾ" ಎಂದು ನಗಾಡಿದ್ದು ನನಗೆ ಇವತ್ತಿಗೂ ಮರೆತಿಲ್ಲ. ಅವನೂ ನಕ್ಕಿದ್ದ. ಎಲೆಯ ಮೇಲೆ ಹಾಕಿದ ಪಾಯಸವನ್ನು ಹಾಗೆಯೇ ಬಿಟ್ಟು ನಾನು ಎಲೆ ಮಡಿಸಿದ್ದೆ. ಇರಲಿ, ಒಂದು ಮಾತು ಕೇಳುತ್ತೇನೆ, ಉತ್ತರ ಬರೆಯುವಾಗ ಇದಕ್ಕೂ ಒಂದು ಸಾಲು ಬರೆ: ಅವನ ಗಾಡಿಯಲ್ಲಿ ಕೂತಾಗ ನೀನು ಹಿಡಿದುಕೊಳ್ಳುವುದು ಎಲ್ಲಿ? ಸೀಟಿನ ಪಟ್ಟಿಯನ್ನೋ, ಅವನ ಹೆಗಲನ್ನೋ?

ನಿಮ್ಮ ಊರಿನ ಡಾಮರು ರಸ್ತೆಯಲ್ಲಿ ಎತ್ತಿನಗಾಡಿಯಲ್ಲಿ ಕೂತರೂ ಹೊಟ್ಟೆಯ ನೀರು ಅಲುಗುವುದಿಲ್ಲ. ಗಂಡಸಾದರೆ ಅವನು ಮಳೆ ನಿಂತ ಮೇಲೆ ಇಲ್ಲಿಯ ಶಿಳ್‌ಫಾಟಾದಿಂದ ಮುಂಬ್ರಾದ ಕಡೆ ಆ ಹೊಂಡದ ರಸ್ತೆಯಲ್ಲಿ ಒಮ್ಮೆ ಗಾಡಿ ಓಡಿಸಿ ತೋರಿಸಲಿ. ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ, ಆದರೆ ಸಮಾಧಾನವಾಗಲಿಲ್ಲ. ಹೊಂಡಕ್ಕೆ ಇಳಿದಾಗಲೆಲ್ಲ ನಮ್ಮ ಗಾಡಿಯ ಹಿಂದುಗಡೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು, ಅದರ ಜೊತೆಗೆ ನಿನ್ನಮ್ಮನ ಮಾತು. ಕೊನೆಗೆ ಒಂದು ಶನಿವಾರ ಕುರ್ಲಾಕ್ಕೆ ಹೋಗಿ ಹಳೆಕಬ್ಬಿಣ ಮಾರುವ ಭಂಗಾರದ ಅಂಗಡಿಗಳನ್ನೆಲ್ಲ ಜಾಲಾಡಿ, ಯಾವುದೋ ದೊಡ್ಡ ಗಾಡಿಯಿಂದ ಬಿಚ್ಚಿದ ಒಂದು ಜೊತೆ ಶಾಕಪ್ ತಂದೆ. ಹಿಂದಿನ ಚಕ್ರದ ಎರಡು ಬದಿಗೂ ದಪ್ಪ ಸ್ಪ್ರಿಂಗು ಸುತ್ತಿಕೊಂಡು ನಿಂತಿರುತ್ತದಲ್ಲ, ಅದು. ಲೋಕಲ್ ಟ್ರೇನಿನ ಗರ್ದಿಯಲ್ಲಿ ಅದನ್ನು ಮಗುವನ್ನು ಹಿಡಿದ ಹಾಗೆ ಎದೆಗೆ ಅವುಚಿಕೊಂಡು ಬಂದೆ, ಅಂಗಿಯೆಲ್ಲ ಗ್ರೀಸು. ಅಂಗಡಿಯವನು "ಸೇಠ್, ಘರ್ ಪೇ ಮತ್ ಖೋಲ್ನಾ" ಎಂದು ಎಚ್ಚರಿಸಿದ್ದ. ಮನೆಯಲ್ಲಿ ಬಿಚ್ಚಬೇಡ ಎಂದರೆ ನಾನು ಕೇಳುವವನೇ? ಪುಂಡರೀಕ ತನ್ನ ಬುಲೆಟ್ಟನ್ನು ತಾನೇ ಬಿಚ್ಚಿ ತಾನೇ ಜೋಡಿಸುತ್ತಾನೆ ಎಂದು ನೀನೇ ಬರೆದಿದ್ದೆಯಲ್ಲ. ಟೈಂ ಆಫೀಸಿನಲ್ಲಿ ಹಾಜರಿ ಬರೆಯುವವನ ಕೈಯಲ್ಲಿಯೂ ಬೋಲ್ಟು ತಿರುಗಿಸುವ ಪಾನ ನಿಲ್ಲುತ್ತದೆ ಎಂದು ತೋರಿಸಬೇಕಿತ್ತು ನನಗೆ. ಯಾರಿಗೆ ತೋರಿಸುವುದು ಎಂದು ಮಾತ್ರ ಯೋಚಿಸಲಿಲ್ಲ, ನೀನು ಅಲ್ಲಿ ಇದ್ದೀ.

ಹೋದ ಭಾನುವಾರ ಬೆಳಿಗ್ಗೆ ಕಾಫಿ ಕುಡಿದವನೇ ಗಾಡಿಯನ್ನು ಚಾಳಿನ ಅಂಗಳದಲ್ಲಿ ನಡುಸ್ಟ್ಯಾಂಡಿಗೆ ಏರಿಸಿ, ಫ್ಯಾಕ್ಟರಿಯಿಂದ ತಂದ ಪಾನಗಳನ್ನು ಗೋಣಿಯ ಮೇಲೆ ಹರಡಿದೆ. ಬೋಲ್ಟು ತುಕ್ಕು ತಿಂದು ಕೂತಿತ್ತು. ಸೀಮೆಎಣ್ಣೆ ಸುರಿದೆ, ಸುತ್ತಿಗೆಯಿಂದ ತಟ್ಟಿದೆ, ಪಾನ ಜಾರಿ ಹೆಬ್ಬೆರಳು ಜಜ್ಜಿಕೊಂಡದ್ದು ಆಗಲೇ. ಕೊನೆಗೆ ಎಡಗಡೆಯದು ಬಿಚ್ಚಿತು. ಅದೇ ಹುರುಪಿನಲ್ಲಿ ಬಲಗಡೆಯದಕ್ಕೂ ಕೈ ಹಾಕಿದೆ. ಹಳೆಯದು ಎರಡನ್ನೂ ಒಟ್ಟಿಗೆ ತೆಗೆಯಬಾರದು, ಒಂದು ಬದಿ ಬಿಚ್ಚಿ ಅಲ್ಲಿ ಹೊಸದನ್ನು ಹಾಕಿದ ಮೇಲೆಯೇ ಇನ್ನೊಂದು ಬದಿ ಮುಟ್ಟಬೇಕು ಎಂದು ನನಗೆ ಹೇಳುವವರು ಯಾರು? ಕೊನೆಯ ಬೋಲ್ಟನ್ನು ಕಾಲು ಕೊಟ್ಟು ಎಳೆದ ರಭಸಕ್ಕೆ ಗಾಡಿ ಸ್ಟ್ಯಾಂಡಿನಿಂದ ಜಾರಿ, ಹಿಂಭಾಗವೆಲ್ಲ ಟೈರಿನ ಮೇಲೆ ಧೊಪ್ಪನೆ ಕುಕ್ಕರಿಸಿತು. ನಾನು ಹ್ಯಾಂಡಲ್ ಹಿಡಿದು ನಿಂತೆ. ಬಿಟ್ಟರೆ ಗಾಡಿ ಬೀಳುತ್ತದೆ, ಹಿಡಿದುಕೊಂಡರೆ ಬೇರೇನೂ ಮಾಡುವ ಹಾಗಿಲ್ಲ. ಗ್ಯಾಲರಿಯಲ್ಲಿ ನಿಂತು ನೋಡುವವರಿಗೆ ಪುಕ್ಕಟೆ ನಾಟಕ.

ಆಗ ಬಂದ ನೋಡು, ಉಪ್ಪಿನಕಾಯಿಯ ಭರಣಿ ಕಂಕುಳಲ್ಲಿ ಇಟ್ಟುಕೊಂಡು, ಇಸ್ತ್ರಿ ಅಂಗಿ ತೊಟ್ಟು, ನಿನ್ನ ಪುಂಡರೀಕ ಬಾವ. ಯಾವುದೋ ಕೆಲಸಕ್ಕೆ ಬೊಂಬಾಯಿಗೆ ಹೋಗುತ್ತಾನೆ, ಅವನ ಕೈಯಲ್ಲಿ ಉಪ್ಪಿನಕಾಯಿ ಕಳಿಸುತ್ತೇನೆ ಎಂದು ನೀನು ಬರೆದ ಕಾರ್ಡು ಅವನು ಬಂದು ಹೋದ ಮಾರನೆಯ ದಿನ ತಲುಪಿತು. ಗೇಟಿನಲ್ಲಿಯೇ ನಿಂತು "ಎಂತ ಲೀಲಣ್ಣ ಇದು, ಗಾಡಿ ನಮಾಜಿಗೆ ಕೂತ ಹಾಗೆ ಕೂತಿದೆಯಲ್ಲ ಮಾರಾಯ!" ಎಂದ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವನು ಭರಣಿಯನ್ನು ನಳಿನಾಕ್ಷಿಯಕ್ಕನ ಕೈಗೆ ಕೊಟ್ಟು, ಅಂಗಿ ಬಿಚ್ಚಿ ಹಗ್ಗಕ್ಕೆ ಹಾಕಿ, ಬನಿಯನ್ನಿನಲ್ಲಿ ಬಂದು ಗಾಡಿಯ ಹಿಂಭಾಗವನ್ನು ಒಬ್ಬನೇ ಎತ್ತಿ ಹಿಡಿದ. ಅವನ ತೋಳುಗಳನ್ನು ನೋಡಿ ನನಗೆ ಇನ್ನಷ್ಟು ಉರಿಯಿತು. ಅವನು ಎತ್ತಿ ಹಿಡಿದ, ನಾನು ಬೋಲ್ಟು ತೂರಿಸಿದೆ. ಹೊಸ ಶಾಕಪ್ಪು ಹಳೆಯದಕ್ಕಿಂತ ಒಂದು ಗೇಣು ಅಲ್ಲದಿದ್ದರೂ ಎರಡು ಬೆರಳಿನಷ್ಟು ಉದ್ದವೇ. ಗಾಡಿಯ ಬೆನ್ನು ಎತ್ತರವಾಯಿತು, ಚೈನು ಬಿಗಿಯಾಯಿತು, ಸ್ಟ್ಯಾಂಡ್ ಹಾಕಿದರೂ ಹಿಂದಿನ ಚಕ್ರ ನೆಲ ಬಿಡುವುದಿಲ್ಲ. ಚೈನು ಸಡಿಲಿಸಿದೆವು. ಸ್ಟ್ಯಾಂಡಿನ ಅಡಿಗೆ ಹಲಗೆ ತುಂಡು ಇಡಬೇಕು, ಅದೊಂದು ಅಧ್ವಾನ ಉಳಿದಿದೆ.

ಆಮೇಲೆ ಅವನು ಸ್ಪ್ರಿಂಗಿನ ಬುಡದಲ್ಲಿರುವ ಹಲ್ಲುಹಲ್ಲಿನ ಬಳೆಯನ್ನು ತೋರಿಸಿದ. ಅದನ್ನು ಒಂದು ಕಡೆ ತಿರುಗಿಸಿದರೆ ಸ್ಪ್ರಿಂಗು ಬಿಗಿ, ಇನ್ನೊಂದು ಕಡೆ ತಿರುಗಿಸಿದರೆ ಮೆದು. ಹಿಂದೆ ಕೂರುವವರ ಭಾರ ನೋಡಿ ಇಡಬೇಕಂತೆ. "ಜಯನ ಲೆಕ್ಕಕ್ಕೇ ಇಡುವಾ? ಹೆರಿಗೆಯ ಮೇಲೆ ಅವಳು ಐವತ್ತೆರಡು ಕೇಜಿ, ಮೊನ್ನೆ ಉಡುಪಿ ಆಸ್ಪತ್ರೆಯಲ್ಲಿ ತೂಗಿದ್ದಾರೆ" ಎಂದ. ಜಯಾ, ನನ್ನ ಹೆಂಡತಿಯ ತೂಕ ನನಗೆ ಗೊತ್ತಿಲ್ಲ, ಅವನಿಗೆ ಗೊತ್ತುಂಟು! ನಾನು ಬಳೆಯನ್ನು ಅವನು ಹೇಳಿದ ಕಡೆಗೇ ತಿರುಗಿಸಿದೆ, ಬೇರೆ ಏನು ಮಾಡಲಿ?

ಪರೀಕ್ಷೆ ಆಗಬೇಕಲ್ಲ, ಅವನನ್ನೇ ಹಿಂದೆ ಕೂರಿಸಿಕೊಂಡು ಶಿಳ್‌ಫಾಟಾದವರೆಗೆ ಹೋಗಿ ಬಂದೆ. ಬೇಕೆಂದೇ ಒಂದು ಹೊಂಡವನ್ನೂ ಬಿಡಲಿಲ್ಲ, ದೇವರಾಣೆ. ಅವನು ಒಮ್ಮೆಯಾದರೂ "ಅಯ್ಯೋ" ಅನ್ನಲಿ ಎಂದು ಕಿವಿ ನಿಮಿರಿಸಿಕೊಂಡು ಕೂತಿದ್ದೆ. ಆದರೆ ಗಾಡಿ ಹೊಂಡಕ್ಕೆ ಇಳಿದು ಮೆಲ್ಲಗೆ ಏಳುತ್ತಿತ್ತು, ಅವನು ಹಿಂದೆ ಕೂತು ಆರಾಮವಾಗಿ ಸೀಟಿ ಊದುತ್ತಿದ್ದ. ಗೆದ್ದೆ ಎಂದು ಹಿಗ್ಗಬೇಕೋ, ಅವನನ್ನು ಸುಖವಾಗಿ ಸವಾರಿ ಮಾಡಿಸಿದೆನಲ್ಲ ಎಂದು ಕೊರಗಬೇಕೋ ತಿಳಿಯಲಿಲ್ಲ. ಇಳಿದ ಮೇಲೆ ನನ್ನ ಬೆನ್ನು ತಟ್ಟಿ "ನನ್ನ ಬುಲೆಟ್ಟೂ ಇಷ್ಟು ಒಳ್ಳೆಯದಿಲ್ಲ ಲೀಲಣ್ಣ" ಎಂದ. ಒಳ್ಳೆಯವನು, ನಾನು ಇಲ್ಲ ಎನ್ನುವುದಿಲ್ಲ. ಕೆಟ್ಟವನಾಗಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು!

ಮೇಲೆ ಬಂದು ಚಾ ಕುಡಿಯುವಾಗ ಅವನು ಕಿಸೆಯಿಂದ ಒಂದು ಕಲರ್ ಫೋಟೋ ತೆಗೆದ. ದುಬೈಯಿಂದ ಬಂದ ಗೆಳೆಯನ ಕ್ಯಾಮೆರಾದಲ್ಲಿ ತೆಗೆದದ್ದಂತೆ. ಅದರಲ್ಲಿ ನಮ್ಮ ಮಗು ಬುಲೆಟ್ಟಿನ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತು, ಆ ಎರಡು ಹಲ್ಲು ತೋರಿಸಿಕೊಂಡು ನಗುತ್ತಿದೆ. ಹೊಟ್ಟೆಯ ಸುತ್ತ ಅವನ ಕೈ. ನಳಿನಾಕ್ಷಿಯಕ್ಕ ಇಣುಕಿ ನೋಡಿ "ಎಷ್ಟು ಹೊಂದಿಕೊಂಡಿದೆ ಮಾರಾಯ್ರೆ, ಇವರ ಮಡಿಲಲ್ಲೇ ಹುಟ್ಟಿದ ಹಾಗೆ" ಎಂದರು. ಅದಕ್ಕೆ ಪುಂಡರೀಕ ಹೆಮ್ಮೆಯಿಂದ "ಹೊಸ ಮುಖ ಕಂಡರೆ ಆಯ್ತು ಲೀಲಣ್ಣ, ಕೂಗಿ ಊರು ಒಟ್ಟು ಮಾಡ್ತಾನೆ. ನಾನು ಎತ್ತಿಕೊಂಡರೆ ಮಾತ್ರ ಗಪ್ ಚಿಪ್" ಎಂದ. ನನ್ನನ್ನು ಚುಚ್ಚಲಿಕ್ಕೆ ಹೇಳಿದ ಮಾತಲ್ಲ. ಆದರೆ ಆ ಮನೆಗೆ ಹೊಸ ಮುಖ ಎಂದರೆ ಯಾರು ಜಯಾ? ನಾನೇ ಅಲ್ಲವೇ? ಅಲ್ಲಿಯವರೆಗೆ ನಿನ್ನ ವಿಷಯಕ್ಕೆ ಉರಿಯುತ್ತಿದ್ದದ್ದು ಆಗ ಬೇರೆ ಕಡೆಗೆ ತಿರುಗಿತು. ನೀನಾದರೆ ದೊಡ್ಡವಳು, ನನ್ನನ್ನು ಮರೆತರೆ ಜಗಳವಾದರೂ ಮಾಡಬಹುದು. ಎಂಟು ತಿಂಗಳ ಮಗುವಿನ ಹತ್ತಿರ ಏನೆಂದು ಜಗಳ ಮಾಡಲಿ? ಚಾದ ಲೋಟ ಹಿಡಿದುಕೊಂಡು ಒಳಗೆ ಹೋಗಿ, ಸಕ್ಕರೆ ಡಬ್ಬಿ ಹುಡುಕುವವನ ಹಾಗೆ ಸ್ವಲ್ಪ ಹೊತ್ತು ನಿಂತೆ. ಕಣ್ಣು ಒರೆಸಿಕೊಂಡು ಹೊರಗೆ ಬಂದೆ. ಫೋಟೋ ಅವನು ನನಗೇ ಕೊಟ್ಟು ಹೋಗಿದ್ದಾನೆ. ಅವನ ಕೈ ಬಂದ ಬದಿಯನ್ನು ಕತ್ತರಿಸೋಣ ಎಂದು ನೋಡಿದೆ, ಮಗುವಿನ ಹೊಟ್ಟೆಯೂ ಹೋಗುತ್ತದೆ ಎಂದು ಬಿಟ್ಟೆ.

ಈ ವಾರ ಆಯುಧಪೂಜೆ. ಗಾಡಿಯನ್ನು ತೊಳೆದು, ನಿಂಬೆಹಣ್ಣು ಇಟ್ಟು, ಹೂ ಏರಿಸುತ್ತೇನೆ. ಕೂರುವವರು ಇಲ್ಲದ ಸೀಟಿಗೂ ಒಂದು ಮಾಲೆ. ಶಾಕಪ್ ಹೊಸದು ಹಾಕಿಸಿದ್ದಾರೆ ಎಂದು ಅಮ್ಮನಿಗೆ ಹೇಳು. ಹಾಕಿಸಿದ್ದಾರೆ ಅಲ್ಲ, ಹಾಕಿದ್ದಾರೆ ಎನ್ನು. ಪುಂಡರೀಕ ಕೈ ಹಾಕಿದ ವಿಷಯ ಅವನೇ ಹೇಳಿಕೊಳ್ಳಲಿ, ನೀನು ಹೇಳಬೇಕೆಂದಿಲ್ಲ. ನನಗೇನೂ ಅವಸರವಿಲ್ಲ. ಅಮ್ಮ ಹೇಳಿದ ಹಾಗೆ ದೀಪಾವಳಿ ಕಳೆಯಲಿ, ನಿಮ್ಮೂರಿನ ಆ ಭಯಂಕರ ಚಳಿಯೂ ಕಳೆಯಲಿ, ನಿಧಾನಕ್ಕೆ ಬನ್ನಿ.

ಅಮ್ಮನ ಕಾಲಿಗೆ ಬಿದ್ದೆನೆಂದು ಹೇಳು. ಪಕ್ಕದ ಮನೆಯ ಮಾವನಿಗೂ ಅತ್ತೆಗೂ ನಮಸ್ಕಾರ, ಅವರ ಮಗನನ್ನು ನಾನು ಆಗಲೇ ನೋಡಿಯಾಗಿದೆ, ಅವನಿಗೆ ಬೇರೆ ಬೇಕಿಲ್ಲ. ಮಗುವಿನ ಎರಡೂ ಹಲ್ಲಿಗೆ ನನ್ನ ಮುತ್ತು. ದೇವರು ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನವನೇ ಆದ,
ಲೀಲಾಧರ

ತಾ.ಕ.: ಲಕೋಟೆ ಅಂಟಿಸುವ ಮೊದಲು ಬರೆಯುತ್ತಿದ್ದೇನೆ. ಅವಸರವಿಲ್ಲ ಎಂದದ್ದು ಶುದ್ಧ ಸುಳ್ಳು. ರಜೆ ಮಂಜೂರಾಗಿದೆ, ಬಸ್ಸಿನಲ್ಲಿ ಸೀಟೂ ಆಗಿದೆ. ನವೆಂಬರ್ ಎರಡಕ್ಕೆ ಬೆಳಿಗ್ಗೆ ಕಟಪಾಡಿಯಲ್ಲಿ ಇಳಿಯುತ್ತೇನೆ, ಹಿಂದಿರುಗುವಾಗ ನಿಮ್ಮಿಬ್ಬರನ್ನೂ ಕರೆದುಕೊಂಡೇ ಬರುವುದು, ಅಮ್ಮನಿಗೆ ಹೇಗೆ ಹೇಳುತ್ತೀಯೋ ಹೇಳು. ನನ್ನನ್ನು ಕಂಡು ಮಗು ಅಳುತ್ತದೆ, ನನಗೆ ಗೊತ್ತು. ಅತ್ತರೆ ನೀನು ಓಡಿ ಬಂದು ಎತ್ತಿಕೊಳ್ಳಬೇಡ, ಅಮ್ಮನನ್ನೂ ತಡೆ. ಪುಂಡರೀಕ ಅಂಗಳದಲ್ಲಿದ್ದರೆ ಏನಾದರೂ ತರಲಿಕ್ಕೆಂದು ಪೇಟೆಗೆ ಕಳಿಸು. ಎಷ್ಟು ಹೊತ್ತು ಬೇಕಾದರೂ ಅಳಲಿ ಜಯಾ, ನನ್ನ ಹೆಗಲ ಮೇಲೆಯೇ ಅಳಲಿ.