ಒಳಗೆ ಮಣ್ಣಾಗಿದ್ದ ಬಂಡೆ
ಸುಂಕದಕಟ್ಟೆ, ಶುಕ್ರವಾರ

ಭಾವನವರಿಗೆ ಕೆಂಪಯ್ಯನ ನಮಸ್ಕಾರ. ರಾಜಾಜಿನಗರದ ಹೊಸ ಮನೆಗಳಿಗೆ ನಾವು ಕಲ್ಲು ಒಡೆಯೋ ಕಡೆ ನಿನ್ನೆ ದೊಡ್ಡ ಬಂಡೆಯೊಂದು ಕುಸಿಯಿತು. ಹೊರಗೆ ಗಟ್ಟಿಯಾಗೇ ಕಾಣ್ತಿತ್ತು. ಬಿರುಕಿನೊಳಗೆ ಬಸರಿ ಮರದ ಬೇರು ಇಳಿದು ಸೀಳಿ, ವರ್ಷವರ್ಷದ ಮಳೆನೀರು ನಿಂತು, ಬುಡದ ಕಲ್ಲೆಲ್ಲ ಕೊಳೆತುಹೋಗಿತ್ತು. ಈಗ ಹಿಸುಕಿದರೆ ಕೆಂಪು ಪುಡಿಯಾಗುತ್ತೆ. ಗೊತ್ತಿಲ್ಲದೆ ಅದರ ನೆರಳಲ್ಲೇ ಉಣ್ಣೋಕೆ ಕೂತಿದ್ವಿ. ಚಿಕ್ಕಮ್ಮನ ಮಗ ತಿಮ್ಮರಾಯಿ ಬಂಡೆ ಕೆಳಗೆ ಸಿಕ್ಕಿ ತೀರಿಹೋದ. ನನ್ನ ಕೈಗೆ ಪೆಟ್ಟಾಗಿದೆ, ಮೂಳೆ ಮುರಿದಿಲ್ಲ.

ಅಂಚೆಯವನು ಈ ಕಾರ್ಡು ಓದಿ ಬಾಯಿಬಿಡೋ ಮೊದಲು ನೀವೇ ಹೋಗಿ ಚಿಕ್ಕಮ್ಮನಿಗೆ ಹೇಳಿ. ಕಲ್ಲು ಬಿದ್ದ ಕೂಡಲೇ ಪ್ರಾಣ ಹೋಯಿತು ಅನ್ನಿ. ಸಂಜೆವರೆಗೂ “ಅಣ್ಣಾ, ಎತ್ತಣ್ಣಾ” ಅಂತಿದ್ದ. ಎಲ್ಲರೂ ಹಾರೆ ಹಾಕಿ ಮೀಟಿದರೂ ಬಂಡೆ ಕದಲಲಿಲ್ಲ. ಈ ಕಾರ್ಡನ್ನ ಒಲೆಗೆ ಹಾಕಿ.

ಕೆಂಪಯ್ಯ