ಮೂರೂ ಗ್ಲಾಸಿನಲ್ಲಿ ಒಂದೇ

ಕೆಲಸದ ಕೋಣೆಯಿಂದ,
ಮಾರ್ಚ್ ೧೨, ಮಂಗಳವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮೊಣಕೈ ಮೇಲಿನ ಸುಟ್ಟ ಗಾಯ ಒಣಗಿತೇ? ತಂಗಿಯ ಮನೆಯ ಸೋಫಾದಲ್ಲಿ ಮಲಗಿ ಸೊಂಟ ಹಿಡಿದುಕೊಂಡಿದೆ ಎಂದಿದ್ದೆ, ಅದೇನಾಯಿತು? ಅವಳು ಬಾಯಿ ಜೋರು ಮಾಡಿದರೂ ಮನಸ್ಸು ಬೆಣ್ಣೆ, ಬೇಜಾರು ಮಾಡಿಕೊಳ್ಳಬೇಡ. ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಎಡಗಣ್ಣು ಊದಿ ಮುಚ್ಚಿದೆ, ತುಟಿಗೆ ಹೊಲಿಗೆ ಬಿದ್ದಿದೆ, ಮುಂದಿನ ಎರಡು ಹಲ್ಲು ಮುರಿದಿವೆ. ಊರಿಗೆಲ್ಲ ಹಲ್ಲು ಮಾಡಿಕೊಡುವವನು ಈಗ ನನ್ನ ಬಾಯಿಗೆ ನಾನೇ ಅಳತೆ ತೆಗೆದುಕೊಂಡು ಕೂತಿದ್ದೇನೆ. ನಗು ಬಂದರೆ ನಕ್ಕುಬಿಡು. ಹೊಡೆದವನು ನಿನ್ನ ಗಂಡ.

ಅವನು ಬಿಸಿ ಪಾತ್ರೆ ಎಸೆದ ದಿನ ನೀನು ಮನೆ ಬಿಟ್ಟು ಹೋದೆ. ಹೋದ ವಾರ ನನ್ನನ್ನು, “ವಾಪಸ್ ಬರ್ಲೋ ಬೇಡ್ವೋ, ನೀನೇ ಹೇಳು” ಎಂದು ಕೇಳಿದೆ. ಅವನು ನಿನಗೆ ಗಂಡನಾಗುವ ಮುಂಚೆ ನನಗೆ ಗೆಳೆಯ. ಭಾವನಾದ ಮೇಲೂ ನನ್ನ ಬಾಯಲ್ಲಿ ಅವನಿಗೆ ಬಹುವಚನ ಬರಲೇ ಇಲ್ಲ. ಆದ್ದರಿಂದ ನನ್ನ ಮಾತಿಗೆ ತೂಕವಿದೆ ಎಂದು ನೀನು ಅಂದುಕೊಂಡಿರಬೇಕು. ಉತ್ತರ ಹೇಳುತ್ತೇನೆ, ಅದಕ್ಕೆ ಮೊದಲು ಶನಿವಾರದ ಕಥೆ ಕೇಳು.

ಈ ಕೋಣೆಯಲ್ಲಿ ನಡೆಯುವ ನಮ್ಮ ತಿಂಗಳಿಗೊಂದು ಶನಿವಾರದ ಪಂದ್ಯ ನಿನಗೆ ಗೊತ್ತೇ ಇದೆ, ಅದಕ್ಕೆ ಕುಡುಕರ ಪರೀಕ್ಷೆ ಎಂದು ಹೆಸರಿಟ್ಟವಳೇ ನೀನು. ಮೂರು ಬಗೆಯ ಸಿಂಗಲ್ ಮಾಲ್ಟ್ ವಿಸ್ಕಿ. ಒಂದು ಹೊಗೆಯದು, ಸ್ಕಾಟ್‌ಲೆಂಡಿನ ಯಾವುದೋ ದ್ವೀಪದ್ದು, ಮುಚ್ಚಳ ತೆಗೆದರೆ ಸುಟ್ಟ ಹಗ್ಗ ಮತ್ತು ಆಸ್ಪತ್ರೆಯ ವಾಸನೆ. ಇನ್ನೊಂದು ಶೆರ್ರಿ ವೈನ್ ತುಂಬಿದ್ದ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಲಗಿದ್ದದ್ದು, ಒಣದ್ರಾಕ್ಷಿಯ ಘಮ. ಮೂರನೆಯದು ಜೇನು ಮತ್ತು ಸೇಬಿನದು, ಸಾಧು. ಬಣ್ಣ ನೋಡಿ ಹೇಳಬಾರದೆಂದು ನೀಲಿ ಗಾಜಿನ ಗ್ಲಾಸು. ಒಬ್ಬ ಸುರಿಯುವಾಗ ಇನ್ನೊಬ್ಬ ಗೋಡೆಗೆ ಮುಖ ಮಾಡಿ ಕೂರಬೇಕು. ಒಂದು ಚಮಚ ನೀರು, ನಡುವೆ ಒಂದು ತುಂಡು ಬ್ರೆಡ್ಡು, ಆಮೇಲೆ ಯಾವುದು ಯಾವುದೆಂದು ಹೇಳಬೇಕು. ಭಾವ ಸೋತದ್ದೇ ಇಲ್ಲ. ಹೋಟೆಲ್ಲಿನ ಅಡುಗೆಮನೆಯ ಆ ತುದಿಯಲ್ಲಿ ತಳ ಹಿಡಿದರೆ ಈ ತುದಿಯಿಂದ ಹೇಳುವ ಮೂಗು ಅದು. ಕಳೆದ ತಿಂಗಳು ಮಾತ್ರ ನೆಗಡಿ ಎಂದು ತಪ್ಪಿಸಿಕೊಂಡಿದ್ದ.

ಈ ಸಲ ನನಗೆ ಕಿಡಿಗೇಡಿತನ ಹೊಕ್ಕಿತು. ಮೂರೂ ಗ್ಲಾಸಿಗೆ ಹೊಗೆಯದನ್ನೇ ಸುರಿದೆ. ಮೊದಲನೆಯದಕ್ಕೇ ಬೈಯುತ್ತಾನೆ, ಇಬ್ಬರೂ ನಗುತ್ತೇವೆ, ಇಷ್ಟೇ ನನ್ನ ಲೆಕ್ಕ. ಅವನು ಮೊದಲನೆಯದನ್ನು ಮೂಸಿ ಕಣ್ಣು ಮುಚ್ಚಿ, “ಜೇನು” ಎಂದ. ಎರಡನೆಯದಕ್ಕೆ, “ಇದು ದ್ರಾಕ್ಷಿ, ಕೊನೇಲಿ ಸ್ವಲ್ಪ ಕಿತ್ತಳೆ ಸಿಪ್ಪೆ” ಎಂದ. ಅದು ಹಿಂದೊಮ್ಮೆ ನಾನೇ ಆಡಿದ್ದ ಮಾತು. ಕೋಣೆಯೆಲ್ಲ ಹೊಗೆ ನಾರುತ್ತಿದೆ, ಇವನು ಕಿತ್ತಳೆ ಸಿಪ್ಪೆ ಸುಲಿಯುತ್ತಿದ್ದಾನೆ. ನನಗೆ ತಡೆಯಲಾಗಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕು ಮೂರೂ ಒಂದೇ ಕಣೋ ಎಂದುಬಿಟ್ಟೆ.

ಗ್ಲಾಸು ಹಿಡಿದ ಕೈಯಲ್ಲೇ ಬಾಯಿಗೆ ಗುದ್ದಿದ. ಗಾಜು ಒಡೆದದ್ದು ಮೊದಲೋ ಹಲ್ಲು ಮುರಿದದ್ದು ಮೊದಲೋ ಗೊತ್ತಾಗಲಿಲ್ಲ. ನಾನು ಕುರ್ಚಿಸಮೇತ ಹಿಂದಕ್ಕೆ ಬಿದ್ದೆ. ಎದ್ದರೆ ಕಪಾಟಿಗೆ ತಳ್ಳಿದ. ಅಚ್ಚು ತೆಗೆದಿಟ್ಟಿದ್ದ ಪ್ಲಾಸ್ಟರಿನ ದವಡೆಗಳೆಲ್ಲ ತಲೆ ಮೇಲೆ ಉದುರಿದವು. ನಾನೂ ಸುಮ್ಮನಿರಲಿಲ್ಲ. ಪ್ಲಾಸ್ಟರ್ ಒಡೆಯುವ ಸುತ್ತಿಗೆ ಕೈಗೆ ಸಿಕ್ಕಿತು, ಅವನ ಭುಜಕ್ಕೆ ಎರಡು ಬಿಟ್ಟೆ. ಮೂರನೆಯ ಸಲ ತಲೆಗೇ ಗುರಿಯಿಟ್ಟಿದ್ದೆ, ಅಕ್ಕಾ, ಸುಳ್ಳು ಹೇಳುವುದಿಲ್ಲ. ಅವನು ಕೈ ತಿರುಚಿ ಸುತ್ತಿಗೆ ಕಸಿದುಕೊಂಡ. ಮಣಿಕಟ್ಟು ಕಚ್ಚಿದೆ, ಅವನ ರಕ್ತ ನನ್ನ ರಕ್ತ ಎಲ್ಲ ಬಾಯಲ್ಲಿ ಒಂದಾಯಿತು. ಆಮೇಲೆ ಅವನು ನನ್ನನ್ನು ಮೇಜಿನ ಮೇಲೆ ಅಂಗಾತ ಕೆಡವಿ, ಎರಡು ಕೈಯಲ್ಲೂ ಕುತ್ತಿಗೆ ಹಿಸುಕಲು ಹಿಡಿದ. ಆ ಮುಖದಲ್ಲಿ ನನ್ನ ಗುರುತೇ ಇರಲಿಲ್ಲ. ಸಾಯುತ್ತೇನೆ ಎಂದು ಖಾತ್ರಿಯಾಯಿತು.

ಆಗ ನನಗೆ ಬಟ್ಟೆ ಸುಡುವ ವಾಸನೆ ಬಂತು. ಮೇಣ ಕಾಯಿಸಲು ಹಚ್ಚಿಟ್ಟಿದ್ದ ಬರ್ನರ್ ಉರುಳಿ, ಅವನ ಬೆನ್ನ ಹಿಂದೆ ಪರದೆಗೆ ಹತ್ತಿಕೊಂಡಿತ್ತು. ಕರಗಿದ ಮೇಣ, ಬಟ್ಟೆ, ಚೆಲ್ಲಿದ ವಿಸ್ಕಿ ಎಲ್ಲ ಸೇರಿ ಉಸಿರು ಕಟ್ಟುವ ಕಮಟು. ಅವನ ಮೂಗಿನ ಹೊಳ್ಳೆ ಅರಳಿ ಅರಳಿ ಉಸಿರಾಡುತ್ತಿದೆ, ಆದರೆ ಅವನು ತಿರುಗಿಯೂ ನೋಡಲಿಲ್ಲ. ಗೋಡೆಯ ಮೇಲೆ ಬೆಂಕಿಯ ಬೆಳಕು ಕುಣಿದದ್ದು ಕಂಡ ಮೇಲೆಯೇ ಕೈ ಬಿಟ್ಟದ್ದು. ಪರದೆ ಕಿತ್ತು, ತುಳಿದು, ಬಕೆಟ್ ನೀರು ಸುರಿದು ಆರಿಸಿದ. ಆಮೇಲೆ ಒಡೆದ ದವಡೆಗಳ ನಡುವೆ ಕುಕ್ಕರಿಸಿ, “ಏನೂ ಬರ್ತಿಲ್ಲ ಕಣೋ, ಮೂಗಿಗೆ ಏನೂ ಬರ್ತಿಲ್ಲ” ಎಂದು ಬಿಕ್ಕಿ ಬಿಕ್ಕಿ ಅತ್ತ.

ಜನವರಿಯಲ್ಲಿ ಹೋಟೆಲ್ಲಿನ ತೊಳೆದ ನೆಲದ ಮೇಲೆ ಜಾರಿ ತಲೆಯ ಹಿಂಭಾಗ ಬಡಿದುಕೊಂಡನಂತೆ. ಅಂದಿನಿಂದ ವಾಸನೆ ಪೂರ್ತಿ ಹೋಗಿದೆ. ಮಾಲೀಕರಿಗೆ ಗೊತ್ತಾದರೆ ಕೆಲಸ ಹೋಗುತ್ತದೆಂದು ಯಾರಿಗೂ ಹೇಳಿಲ್ಲ, ನಿನಗೂ ಹೇಳಿಲ್ಲ. ನೆನಪಿನ ಮೇಲೆ ಮಸಾಲೆ ಹಾಕುತ್ತಿದ್ದಾನೆ. ನಿನ್ನೆ ಹಟ ಮಾಡಿ ಡಾಕ್ಟರ ಹತ್ತಿರ ಕರೆದೊಯ್ದೆ. ತಲೆಗೆ ಪೆಟ್ಟು ಬಿದ್ದಾಗ ಹೀಗಾಗುವುದುಂಟು, ಮರಳಿ ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದರು. ಹೊರಗೆ ಬಂದು ಅವನು ನನ್ನ ಕೈ ಹಿಡಿದುಕೊಂಡ. “ಅವಳ ಅಡುಗೆ ಸಪ್ಪೆ ಅಂತ ಎಗರಾಡಿದ್ದು ಇದಕ್ಕೇ ಅಂತ ಅವಳಿಗೆ ಹೇಳು. ಪಾತ್ರೆ ಎಸೆದದ್ದು ನಾನಲ್ಲ, ಈ ಹಾಳು ಮೂಗು” ಎಂದ.

ಅವನನ್ನು ನೋಡಿ ಅಯ್ಯೋ ಅನ್ನಿಸಿತು ಅಕ್ಕಾ. ಅಷ್ಟು ದೊಡ್ಡ ದೇಹ, ಮಗುವಿನ ಹಾಗೆ ನಿಂತಿತ್ತು. ಅವನು ಕೆಟ್ಟವನಲ್ಲ, ಕಾಯಿಲೆಯವನು. ಕಾಯಿಲೆಯವರ ಮೇಲೆ ಎಷ್ಟು ದಿನ ಸಿಟ್ಟು ಮಾಡಲಾಗುತ್ತದೆ? ಆದ್ದರಿಂದ ನನ್ನ ಉತ್ತರ, ಬಾ. ಮುಂದಿನ ಭಾನುವಾರ ಹೊರಡು, ಸ್ಟೇಷನ್ನಿಗೆ ನಾವಿಬ್ಬರೂ ಬರುತ್ತೇವೆ.

ತಂಗಿಗೂ ಅವಳ ಮಕ್ಕಳಿಗೂ ನನ್ನ ಮುದ್ದು ತಲುಪಿಸು. ನಿನ್ನ ಕಾಲಿಗೆ ಇಲ್ಲಿಂದಲೇ ಬಿದ್ದಿದ್ದೇನೆ ಎಂದುಕೋ, ಬಗ್ಗಿದರೆ ಪಕ್ಕೆಲುಬು ನೋಯುತ್ತದೆ.

ನಿನ್ನ ಪ್ರೀತಿಯ,
ತಮ್ಮ

ತಾ.ಕ.: ಅಕ್ಕಾ, ಲಕೋಟೆ ಅಂಟಿಸುವ ಮುಂಚೆ ನೆಲ ಗುಡಿಸುತ್ತಿದ್ದೆ. ಒಡೆದ ಪ್ಲಾಸ್ಟರಿನಲ್ಲಿ ನಿನ್ನ ಹಲ್ಲಿನ ಅಚ್ಚು ಸಿಕ್ಕಿತು. ಹೋದ ವರ್ಷ ಬಚ್ಚಲಲ್ಲಿ ಜಾರಿಬಿದ್ದೆ ಎಂದು ನನ್ನ ಹತ್ತಿರ ಮುಂದಿನ ಹಲ್ಲು ಮಾಡಿಸಿಕೊಂಡೆಯಲ್ಲ, ಅದೇ. ಈಗ ಅದನ್ನು ನನ್ನ ಅಚ್ಚಿನ ಪಕ್ಕ ಇಟ್ಟು ನೋಡಿದೆ. ಎರಡರಲ್ಲೂ ಹಲ್ಲು ಒಂದೇ ರೀತಿ, ಗುದ್ದು ತಿಂದ ಹಾಗೆ ಒಳಮುಖವಾಗಿ ಮುರಿದಿವೆ. ನೀನು ಅಳತೆ ಕೊಟ್ಟು ಹೋದ ದಿನವೇ ಸಂಜೆ ಭಾವ ಇಲ್ಲಿ ಕೂತು ಮೂರನ್ನೂ ಸರಿಯಾಗಿ ಗುರುತಿಸಿದ್ದ, ನಾನು ಕೈಗೆ ಹಚ್ಚಿದ್ದ ಸೋಪು ಹೊಸದೆಂದೂ ಹೇಳಿದ್ದ. ಆಗ ಅವನ ಮೂಗಿಗೆ ಏನೂ ಆಗಿರಲಿಲ್ಲ. ಮೇಲೆ ಬರೆದದ್ದನ್ನು ಹರಿಯದೆ ಹಾಗೆಯೇ ಕಳಿಸುತ್ತಿದ್ದೇನೆ, ಅವನು ಅತ್ತರೆ ನಾವೆಲ್ಲ ಎಷ್ಟು ಬೇಗ ಕರಗಿಬಿಡುತ್ತೇವೆ ಎಂಬುದು ನಿನಗೆ ತಿಳಿದಿರಲಿ. ಬರಬೇಡ. ಅವನು ಬಂದು ಕರೆದರೂ, ನಾನೇ ಅವನ ಜೊತೆ ನಿಂತು ಕರೆದರೂ, ಬಾಗಿಲು ತೆಗೆಯಬೇಡ.