ಅತ್ತೆಯ ನಿದ್ದೆಗೆ ಮೊದಲ ಬಹುಮಾನ

ಭಾನುವಾರ, ಮಾರ್ಚ್ ೯

ಬಹುಮಾನವೇನೋ ಬಂತು. ತಲೆ ಎತ್ತಲು ಆಗುತ್ತಿಲ್ಲ.

ಕ್ಯಾಮೆರಾ ಕ್ಲಬ್ಬಿನ ಸ್ಪರ್ಧೆಗೆ ಅತ್ತೆಯ ಫೋಟೋ ಕಳಿಸಿದ್ದೆ. ಮಧ್ಯಾಹ್ನ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಾರೆ, ಬಾಯಿ ತೆರೆದಿದೆ, ಕಟ್ಟಿಸಿದ ಹಲ್ಲು ಪಕ್ಕದ ಲೋಟದಲ್ಲಿದೆ. ಅವರನ್ನು ಕೇಳಿರಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದರು, ಅದು ಗೊತ್ತಿದ್ದೇ ಕೇಳಲಿಲ್ಲ. ನಗುವಾಗಲೂ ಬಾಯಿಗೆ ಕೈ ಅಡ್ಡ ಹಿಡಿಯುವವರು ಅವರು.

ಸೊಸೆಗೆ ಮೊದಲ ಬಹುಮಾನವೆಂದು ತಿಳಿದು, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು ಇವತ್ತಿನ ಬಹುಮಾನ ಸಮಾರಂಭಕ್ಕೆ ತಾವೇ ಹೊರಟು ನಿಂತರು. ಬರಬೇಡಿ ಅನ್ನಲು ನನಗೆ ನಾಲಿಗೆ ಏಳಲಿಲ್ಲ. ಕ್ಲಬ್ಬಿನಲ್ಲಿ ಗೋಡೆಯ ತುಂಬ ಅವರದೇ ಮುಖ. "ಮುಪ್ಪಿನ ಅಸಹಾಯಕತೆ ಎಷ್ಟು ಚೆನ್ನಾಗಿ ಸಿಕ್ಕಿದೆ ನೋಡಿ!" ಎಂದು ತೀರ್ಪುಗಾರರು ಎಲ್ಲರಿಗೂ ತೋರಿಸುತ್ತಿದ್ದರು.

ಅತ್ತೆ ನನ್ನ ಕಿವಿಯ ಹತ್ತಿರ ಬಗ್ಗಿ, "ಒಂದು ಮಾತು ಹೇಳಿದ್ರೆ ಹಲ್ಲು ಹಾಕ್ಕೊಂಡು ಕೂತ್ಕೊಳ್ತಿದ್ನಲ್ಲಮ್ಮ," ಎಂದರು. ಅಷ್ಟೇ. ನನ್ನ ಹೆಸರು ಕರೆದಾಗ ಎಲ್ಲರ ಜೊತೆ ಚಪ್ಪಾಳೆಯನ್ನೂ ತಟ್ಟಿದರು. ನಾಲ್ಕು ಮಾತು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಈಗ ಮಲಗಲು ಹೋದವರು, ಈ ಮನೆಯಲ್ಲಿ ಮೊದಲ ಸಲ, ಒಳಗಿನಿಂದ ಚಿಲಕ ಹಾಕಿಕೊಂಡರು. ಆ ಸದ್ದು ನನಗೆ ಕೇಳಿಸಿತು. ತಪ್ಪಾಯಿತು ಅನ್ನಲು ಬಾಗಿಲ ತನಕ ಹೋದೆ, ತಟ್ಟಲು ಕೈ ಬರಲಿಲ್ಲ. ನಾಳೆ ಬೆಳಗ್ಗೆಯೇ ಕ್ಲಬ್ಬಿಗೆ ಹೋಗಿ ಆ ಫೋಟೋ ಇಳಿಸಿ... ಅಲ್ಲ, ಮೊದಲು ಅವರ ಎದುರು ಹೋಗಿ ನಿಂತು...